ರನ್ನನ ನೆಲಯುದ್ಧ

ಮುಂಬಯಿಯಲ್ಲಿ ಮನೆ ತೋರಿಸುವ ದಲಾಲ ಮೊದಲು ತೋರಿಸುವುದು ನೆಲವನ್ನು. ಪಾಪ, ಅವನಾದರೂ ಏನು ಮಾಡಿಯಾನು? ಕಿಟಕಿ ತೆರೆದರೆ ಕಾಣುವುದು ಇನ್ನೊಬ್ಬರ ಕಿಟಕಿ. ತಲೆಯೆತ್ತಿದರೆ ಮೇಲಿನ ಮನೆಯ ಬಚ್ಚಲಿಂದ ಇಳಿದ ತೇವದ ನಕ್ಷೆ. ಆದ್ದರಿಂದ ಅವನು ಗಿರಾಕಿಯ ಕಣ್ಣನ್ನು ಉಪಾಯವಾಗಿ ಕೆಳಗಿಳಿಸಿ, ‘ಸಾಬ್, ಫ್ಲೋರಿಂಗ್ ದೇಖೋ’ ಅನ್ನುತ್ತಾನೆ. ನೋಡಿದರೆ ಅಲ್ಲಿ ನಮ್ಮದೇ ಮುಖ. ಯಾರಿಗೆ ತಾನೆ ಇಷ್ಟವಾಗುವುದಿಲ್ಲ?

ಮುಲುಂಡಿನ ನಮ್ಮ ಮನೆಯೂ ಹೀಗೆಯೇ ನಮ್ಮ ಪಾಲಿಗೆ ಬಂತು. ಎರಡಡಿ ಚೌಕದ ಕೆನೆಬಣ್ಣದ ವಿಟ್ರಿಫೈಡ್ ಟೈಲುಗಳು, ಗುಜರಾತಿನ ಮೋರ್ಬಿಯಲ್ಲಿ ತಯಾರಾದವು. ಜೇಡಿಮಣ್ಣು, ಫೆಲ್ಡ್‌ಸ್ಪಾರು, ಸಿಲಿಕಾ ಕಲಸಿ ಒತ್ತಿ ಸುಮಾರು 1200 ಡಿಗ್ರಿಯಲ್ಲಿ ಬೇಯಿಸಿ, ಮೇಲೆ ಉಜ್ಜಿ ಹೊಳಪು ಕೊಟ್ಟರೆ ಆಯಿತು. ಅದು ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರುವುದಿಲ್ಲ. ಚಹಾ ಚೆಲ್ಲಿದರೆ ಕಲೆ ಇಲ್ಲ, ಅರಿಸಿನ ಬಿದ್ದರೆ ಗುರುತಿಲ್ಲ. ಸಂದುಗಳೂ ಕಡಿಮೆ. ಬಂದ ಬೀಗರೆಲ್ಲ ಹೊಗಳಿದ್ದು ಈ ನೆಲವನ್ನೇ. ಬಹಳ ಕಾಲ ಇದರ ಮೇಲೆ ಯಾರ ತಕರಾರೂ ಇರಲಿಲ್ಲ. ಆಮೇಲೆ ರನ್ನ ಬಂದ.

ರನ್ನ ಮುಧೋಳದ ಬೇಟೆನಾಯಿ. ಬಾಗಲಕೋಟೆ ಕಡೆಯ ನೆಂಟರ ಮದುವೆಗೆ ಹೋದ ಮಗ, ತಾಂಬೂಲದ ಚೀಲದ ಜೊತೆ ಒಂದು ಮರಿಯನ್ನೂ ಎತ್ತಿಕೊಂಡು ಬಂದ. ಮರಿ ಎಂದರೆ ಎಷ್ಟು ದಿನ ಮರಿ? ನೋಡನೋಡುತ್ತ ಕಾಲುಗಳೇ ಕಾಲುಗಳಾಗಿ ಬೆಳೆಯಿತು. ಊಟದ ಮೇಜಿನ ಮೇಲೇನಿದೆ ಎಂದು ನೋಡಲು ಈಗ ಅವನು ಮೂತಿ ಎತ್ತಬೇಕಾಗಿಲ್ಲ. ಮುಧೋಳದಲ್ಲಿ ಹುಟ್ಟಿದವನಿಗೆ ಆ ಊರಿನ ಮಹಾಕವಿಯ ಹೆಸರೇ ಇರಲಿ ಎಂದು ನಾನಂದಾಗ, ಅಮ್ಮ ಕೆಂಡವಾದಳು. ‘ಕವಿಚಕ್ರವರ್ತಿ ಹೆಸರು ನಾಯಿಗಿಡತೀಯೇನೋ? ನಾಳೆ ಬೆಕ್ಕು ತಂದು ಪಂಪ ಅಂತೀಯಾ?’ ಎಂದು ಕೇಳಿದಳು. ಆದರೆ ಕರೆಯುವುದಕ್ಕೆ ಬಾಯಿತುಂಬ ಇದ್ದದ್ದರಿಂದ ಹೆಸರು ಉಳಿಯಿತು. ಈಗ ಅತಿ ಹೆಚ್ಚು ಸಲ ಆ ಹೆಸರು ಕೂಗುವವಳು ಅವಳೇ.

ಈ ಜಾತಿಯ ನಾಯಿಗೆ ಕುಲಗೌರವ ಸ್ವಲ್ಪ ಹೆಚ್ಚೇ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪು ತಂದಿತು. 2016ರಲ್ಲಿ ಮೀರತ್ತಿನ ಸೇನಾ ಕೇಂದ್ರಕ್ಕೆ ತರಬೇತಿಗೆಂದು ಮರಿಗಳು ಹೋದವು. ಎರೆಹೊಲದಲ್ಲಿ ಮೊಲದ ಬೆನ್ನು ಹತ್ತಿದರೆ ಹಿಡಿಯದೆ ಬಿಡದ ವಂಶ. ಅಂಥ ವಂಶದ ಕುಡಿ, ನಮ್ಮ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಹೋಗಲಾರದೆ ಹೊಸ್ತಿಲಲ್ಲಿ ನಿಂತು ನಡುಗುತ್ತಿತ್ತು.

ಮುಂದಿನ ಎರಡು ಕಾಲು ಮುಂದಕ್ಕೆ ಹೋದರೆ ಹಿಂದಿನವು ತಮ್ಮ ಪಾಡಿಗೆ ಬೇರೆ ಬೇರೆ ದಿಕ್ಕು ಹಿಡಿಯುತ್ತಿದ್ದವು. ಒಂದು ಕಾಲು ಅಡುಗೆಮನೆಗೆ, ಇನ್ನೊಂದು ದೇವರಕೋಣೆಗೆ. ಕೊನೆಗೆ ಹೊಟ್ಟೆ ನೆಲ ಮುಟ್ಟುತ್ತಿತ್ತು. ಎದ್ದು ನಿಂತವನು ಮೂಗಿನಿಂದ ನೆಲ ಮೂಸಿ, ಒಂದೊಂದೇ ಪಾದವನ್ನು ಎತ್ತಿಟ್ಟು, ಸೋಫಾದ ಅಂಚಿಗೆ ಮೈತಾಗಿಸಿ ಸಾಗುವುದನ್ನು ನೋಡಿದರೆ ಗದಾಯುದ್ಧದ ದುರ್ಯೋಧನನ ನೆನಪಾಗುತ್ತಿತ್ತು. ಅವನೂ ಹೆಣಗಳ ನಡುವೆ ಕಾಲಿಡಲು ಜಾಗವಿಲ್ಲದೆ ಸಂಜಯನ ಆಸರೆಯಲ್ಲಿ ರಣರಂಗ ದಾಟಿದವನು. ಇಲ್ಲಿ ಸಂಜಯನ ಪಾತ್ರ ನನ್ನದು.

ಪ್ರಾಣಿವೈದ್ಯರು ರನ್ನನ ಸೊಂಟ, ಮಂಡಿ ಎಲ್ಲ ಹಿಚುಕಿ ನೋಡಿ, ಕೀಲು ಗಟ್ಟಿಯಾಗಿದೆ, ತೊಂದರೆ ನೆಲದ್ದು ಎಂದರು. ಹೀಗೆ ನೋಡಿಸಿಯೇ ಮುಂದಿನ ಮಾತು ಆಡಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಭಾರೀ ನಾಯಿಗಳಲ್ಲಿ ಸೊಂಟದ ಕೀಲೇ ಸರಿಯಾಗಿ ಕೂಡದ ದೋಷ ಸಾಮಾನ್ಯ. ಮುದಿಯಾದಾಗ ಸಂಧಿವಾತ ಬೇರೆ. ಅಂಥವಕ್ಕೆ ಜಾರುವುದೆಂದರೆ ತಮಾಷೆಯಲ್ಲ, ಒಂದು ಸಲ ಕಾಲು ಕವಲೊಡೆದರೆ ವಾರಗಟ್ಟಲೆ ನೋವು. ವೈದ್ಯರು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ನಾಯಿ ನಡೆಯುವುದು ಬೆರಳುಗಳ ಮೇಲೆ. ಹಿಡಿತ ಕೊಡುವುದು ಪಾದದಡಿಯ ಮೆತ್ತೆ. ಉಗುರಿರುವುದು ಮಣ್ಣಿಗೆ ಕಚ್ಚಿಕೊಳ್ಳಲು. ಬೆಕ್ಕಿನ ಹಾಗೆ ಅದನ್ನು ಒಳಗೆಳೆದುಕೊಳ್ಳಲು ಬರುವುದಿಲ್ಲ. ಹೆದರಿದ ನಾಯಿ ಬೆರಳು ಮಡಿಸಿ ಉಗುರೂರುತ್ತದೆ. ಉಗುರೂರಿದಾಗ ಮೆತ್ತೆ ನೆಲ ಬಿಡುತ್ತದೆ. ಮೆತ್ತೆ ಬಿಟ್ಟೊಡನೆ ಜಾರುತ್ತದೆ. ಜಾರಿದ್ದಕ್ಕೆ ಇನ್ನಷ್ಟು ಹೆದರಿ, ಇನ್ನಷ್ಟು ಬಲವಾಗಿ ಉಗುರೂರುತ್ತದೆ. ನಲವತ್ತು ವರ್ಷ ಬ್ಯಾಂಕಿನಲ್ಲಿದ್ದ ನನಗೆ ಈ ಚಕ್ರ ಹೊಸದಲ್ಲ. ಸಾಲಗಾರರು ಮುಳುಗುವುದೂ ಇದೇ ಕ್ರಮದಲ್ಲಿ.

ನೆಲದ ವಿಚಾರ ತಲೆಗೆ ಹೊಕ್ಕ ಮೇಲೆ ಊರಿನಲ್ಲಿ ಎಲ್ಲಿ ಹೋದರೂ ಕಣ್ಣು ಕೆಳಗೇ. ನಾನು ಮೊದಲು ಮುಂಬಯಿಗೆ ಬಂದಾಗ ಲಾಲ್‌ಬಾಗಿನ ಚಾಳೊಂದರಲ್ಲಿದ್ದೆ. ಅಲ್ಲಿ ಉದ್ದದ ಗ್ಯಾಲರಿಗೆ ಹಾಸಿದ್ದು ಶಹಾಬಾದಿ ಫರಶಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲು; ಊರು ಮುಂಬಯಿ–ಮದ್ರಾಸ್ ರೈಲುಮಾರ್ಗದ ಮೇಲೆಯೇ ಇದೆ. ನಾವು ಬಂದ ಹಳಿಯ ಮೇಲೆಯೇ ಬಂದ ಕಲ್ಲು ಎಂದು ಅದರ ಮೇಲೆ ಚಾಪೆ ಹಾಸಿ ಮಲಗುವಾಗ ಒಂದು ಸಲಿಗೆ. ಬೂದುಬಣ್ಣ, ಒರಟು ಮೈ, ಮಳೆಗಾಲದಲ್ಲೂ ಕಾಲಿಗೆ ಭರವಸೆ. ಚಾಳಿನ ಮಕ್ಕಳು, ನಾಯಿ, ಹಾಲಿನವನು ಎಲ್ಲರೂ ಅದರ ಮೇಲೆ ಓಡುತ್ತಿದ್ದರು. ಯಾರೂ ಬಿದ್ದ ನೆನಪಿಲ್ಲ. ಸ್ವಲ್ಪ ಉಳ್ಳವರ ಮನೆಗಳಲ್ಲಿ ಹೂಬಳ್ಳಿಯ ಸಿಮೆಂಟ್ ಟೈಲುಗಳು. ಮೊದಲು ಅವು ವಿಲಾಯಿತಿಯಿಂದ ಬರುತ್ತಿದ್ದವು. 1922ರಲ್ಲಿ ಫಿರೋಜ್‌ಶಾ ಸಿಧ್ವಾ ಎಂಬ ಪಾರ್ಸಿ, ನಾವು ತುಳಿಯುವ ನೆಲವಾದರೂ ಸ್ವದೇಶಿಯಾಗಿರಲಿ ಎಂದು ಭಾರತ್ ಟೈಲ್ಸ್ ಶುರುಮಾಡಿದರು. ದಕ್ಷಿಣ ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಅಂಥ ನೆಲದ ಮೇಲೆ ಪಾರ್ಸಿಗಳ ತೋರ ನಾಯಿಗಳು ಕಾಲು ಚಾಚಿ ಮಲಗಿ, ಎದ್ದು, ಜಮೀನ್ದಾರರಂತೆ ನಡೆದು ಹೋಗುವುದನ್ನು ನೋಡಿದ್ದೇನೆ. ನೆಲ ಸವೆದು ಮಂಕಾದಷ್ಟೂ ಅವಕ್ಕೆ ಒಳ್ಳೆಯದು.

ನಮ್ಮ ಕಟ್ಟಡದಲ್ಲಿ ಮಂಕಾಗುವುದಕ್ಕೆ ಯಾವುದಕ್ಕೂ ಅನುಮತಿಯಿಲ್ಲ. ಕೆಳಗಿನ ಲಿಫ್ಟ್ ಲಾಬಿಗೆ ಹಾಸಿರುವುದು ಕೆಂಪು ಗ್ರಾನೈಟ್, ಸಾಕ್ಷಾತ್ ಇಳಕಲ್ಲಿನದು. ಇಳಕಲ್ಲೂ ಬಾಗಲಕೋಟೆ ಜಿಲ್ಲೆ, ಮುಧೋಳವೂ ಬಾಗಲಕೋಟೆ ಜಿಲ್ಲೆ. ಸ್ವಂತ ಜಿಲ್ಲೆಯ ಕಲ್ಲೇ ರನ್ನನನ್ನು ಅತಿ ಹೆಚ್ಚು ಸಲ ಕೆಡವಿದೆ. ಕಲ್ಲಿನದೇನೂ ದೋಷವಿಲ್ಲ; ಗಣಿಯಿಂದೆದ್ದಾಗ ಅದೂ ಒರಟೇ. ಕನ್ನಡಿಯಾಗುವ ತನಕ ಉಜ್ಜಿದವರು ನಾವು. ನಾಯಿಗಳಿಗೆ ಲಿಫ್ಟಿನಲ್ಲಿ ಪ್ರವೇಶ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೊಸೈಟಿಗಳಿಗೆ ತಿಳಿಸಿದೆ. ಲಿಫ್ಟಿನ ತನಕ ಹೇಗೆ ತಲುಪಬೇಕು ಎಂಬುದನ್ನು ತಿಳಿಸಿಲ್ಲ.

ಮುಲುಂಡಿನ ಗುಡ್ಡದ ಬದಿಯಲ್ಲಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ಆಗಾಗ ಇಳಿದು ಬರುತ್ತವೆ, ಅವಕ್ಕೆ ನಾಯಿ ಎಂದರೆ ಪ್ರಾಣ. ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ ಎಂದು ವಾಚ್‌ಮನ್ ಎಚ್ಚರಿಸುತ್ತಾನೆ. ರನ್ನ ಆ ಕಡೆ ನಿರಾಳವಾಗಿ ಮೂಗೆತ್ತಿ ನಿಲ್ಲುತ್ತಾನೆ. ಅವನ ಮುಖದಲ್ಲಿ ಭಯ ಕಾಣುವುದು ಮರಳಿ ಲಾಬಿಗೆ ಬಂದಾಗ.

ಸಲಹೆಗಳಿಗೆ ಬರವಿರಲಿಲ್ಲ. ಮೂರನೆಯ ಮಹಡಿಯವರು ತಮ್ಮ ಮುದಿ ಲ್ಯಾಬ್ರಡಾರಿಗೆ ತರಿಸಿದ್ದ, ಅಡಿಯಲ್ಲಿ ರಬ್ಬರ್ ಚುಕ್ಕಿಗಳಿರುವ ಕಾಲುಚೀಲಗಳನ್ನು ಕೊಟ್ಟರು. ತೊಡಿಸಿದ ಕೂಡಲೇ ರನ್ನ ಒಂದೊಂದು ಕಾಲನ್ನೂ ಎತ್ತಿ ಎತ್ತಿ, ಯಕ್ಷಗಾನದ ಪ್ರವೇಶದ ಹೆಜ್ಜೆ ಹಾಕಿದ. ಸ್ವಲ್ಪ ಹೊತ್ತಿಗೆ ಚೀಲಗಳು ತಿರುಗಿ ಚುಕ್ಕಿಗಳೆಲ್ಲ ಪಾದದ ಮೇಲ್ಭಾಗಕ್ಕೆ ಬಂದವು. ಅಂದರೆ ಅಂಗಾತ ಮಲಗಿದಾಗ ಮಾತ್ರ ಅವನು ಜಾರುತ್ತಿರಲಿಲ್ಲ. ಉಗುರಿಗೆ ತೊಡಿಸುವ ರಬ್ಬರಿನ ಉಂಗುರಗಳು ಬಂದವು. ಕೆಲಸ ಮಾಡಿದವು, ಆದರೆ ಒಂದೊಂದಾಗಿ ಕಳೆದು ಸೋಫಾದಡಿ ಸಿಗತೊಡಗಿದವು. ಉಗುರು ಕತ್ತರಿಸಿದ್ದು ನಿಜವಾಗಿ ಉಪಯೋಗಕ್ಕೆ ಬಂತು. ನಡೆಯುವಾಗ ಟಕಟಕ ಸದ್ದು ಕೇಳಿದರೆ ಉಗುರು ಉದ್ದವಾಗಿದೆ ಎಂದೇ ಲೆಕ್ಕ. ಪಾದದ ಸಂದಿನಲ್ಲಿ ಕೂದಲು ಬೆಳೆಯುವ ಜಾತಿಗಳಿಗೆ ಅದನ್ನೂ ಕತ್ತರಿಸಬೇಕಂತೆ. ಮುಧೋಳಕ್ಕೆ ಆ ಐಷಾರಾಮವಿಲ್ಲ, ಮೈಯೆಲ್ಲ ತುಂಡುಗೂದಲು.

ಕೊನೆಗೆ ಉಳಿದದ್ದು ಹಾಸುವುದು. ತೆಂಗಿನನಾರಿನ ಚಾಪೆ ಒಳ್ಳೆಯ ಹಿಡಿತ ಕೊಟ್ಟಿತು. ಆದರೆ ಜುಲೈ ತಿಂಗಳಲ್ಲಿ ಅದರ ವಾಸನೆಗೂ ಒದ್ದೆ ನಾಯಿಯ ವಾಸನೆಗೂ ಸ್ಪರ್ಧೆ ಬಿದ್ದು ಫಲಿತಾಂಶ ಸಮವಾಯಿತು. ಬಟ್ಟೆಯ ಜಮಖಾನ ನಾಯಿಯ ಜೊತೆ ತಾನೂ ಜಾರಿತು, ಅದು ಇನ್ನೂ ಅಪಾಯ. ಅಡಿಯಲ್ಲಿ ರಬ್ಬರಿರುವುದೇ ಬೇಕು. ಆಗ ಹೆಂಡತಿ ಯೋಗದಿನದಂದು ಅಲ್ಲಿ ಇಲ್ಲಿ ಪುಕ್ಕಟೆ ಸಿಕ್ಕ ಮ್ಯಾಟುಗಳನ್ನು ಅಟ್ಟದಿಂದ ಇಳಿಸಿದಳು. 2015ರಿಂದ ಈಚೆಗೆ ಮುಂಬಯಿಯ ಯಾವ ಮನೆಯಲ್ಲಿ ಯೋಗವಿಲ್ಲದಿದ್ದರೂ ಮ್ಯಾಟಿಗೆ ಕೊರತೆಯಿಲ್ಲ. ಉಳಿದದ್ದಕ್ಕೆ ಕ್ರಾಫರ್ಡ್ ಮಾರ್ಕೆಟ್ಟಿನ ಗಲ್ಲಿಗಳಲ್ಲಿ ರಬ್ಬರ್ ಹಾಸನ್ನು ಅಳತೆಗೆ ಕೊಯ್ಸಿ ತಂದೆವು.

ಹೀಗೆ ನಮ್ಮ ಮನೆಗೆ ಲೋಕಲ್ ರೈಲಿನ ನಕ್ಷೆ ಬಿತ್ತು. ರನ್ನನ ಹಾಸಿಗೆಯಿಂದ ಮುಂಬಾಗಿಲಿಗೆ ಸೆಂಟ್ರಲ್ ಲೈನು. ಬಾಲ್ಕನಿಯಿಂದ ನೀರಿನ ಬೋಗುಣಿಗೆ ವೆಸ್ಟರ್ನ್. ಎರಡೂ ಕೂಡುವ ಊಟದ ಮೇಜಿನಡಿ ದಾದರ್, ಜನಸಂದಣಿಯೂ ಅಲ್ಲೇ. ಅಡುಗೆಮನೆಗೆ ನೇರ ಗಾಡಿ ಇಲ್ಲ, ಕುರ್ಲಾದಲ್ಲಿ ಬದಲಿಸಬೇಕು. ಮೊದಲು ರನ್ನ ಹಾಸನ್ನೂ ನಂಬಲಿಲ್ಲ. ಎಳೆಯಬೇಡಿ, ತಾನಾಗಿ ಬರಲಿ ಎಂದಿದ್ದರು ವೈದ್ಯರು. ಅಮ್ಮ ಜೋಳದ ರೊಟ್ಟಿಯ ಚೂರುಗಳನ್ನು ಮಾರಿಗೊಂದರಂತೆ ಇಟ್ಟು, ತಾನು ಆ ತುದಿಯಲ್ಲಿ ಕೂತು, ‘ಬಾರಪಾ, ಬಾ, ನೋಡೂಣು’ ಎಂದು ಕರೆದಳು. ಊರ ರೊಟ್ಟಿ, ಊರ ಮಾತು. ಮೊಲದ ಬೆನ್ನು ಹತ್ತಬೇಕಾದವನು ರೊಟ್ಟಿಯ ಬೆನ್ನು ಹತ್ತಿ ಹಾಲ್ ದಾಟಿದ.

ಲಾದಿ ಒರೆಸುವ ಬಾಯಿ ಮಾತ್ರ ಇದನ್ನು ಅಭಿವೃದ್ಧಿ ಎಂದು ಒಪ್ಪಲಿಲ್ಲ. ಹಾಸೆತ್ತಿ ಒರೆಸಿ, ನೆಲ ಪೂರ್ತಿ ಆರಿದ ಮೇಲೆ ಮತ್ತೆ ಹಾಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಪಗಾರ ಎಂದಳು. ನ್ಯಾಯವಾದ ಮಾತು. ಕೊಟ್ಟೆವು.

ಇದರ ನಡುವೆ ಅಮ್ಮನ ನಡಿಗೆ ಬದಲಾದದ್ದನ್ನು ಮೊದಲು ಗಮನಿಸಿದವಳು ಹೆಂಡತಿ. ಎಂಬತ್ತು ದಾಟಿದ ಅಮ್ಮ ಹಾಲ್‌ನಲ್ಲಿ ಯಾವಾಗಲೂ ಗೋಡೆ ಸವರಿಕೊಂಡೇ ಓಡಾಡುತ್ತಿದ್ದಳು. ಕೋಲು ಬೇಡ, ರಬ್ಬರ್ ಚಪ್ಪಲಿ ಮನೆಯೊಳಗೆ ಬೇಡ, ಮ್ಯಾಟು ಅಂದರೆ ಸಿಟ್ಟು, ‘ನನಗೇನು ವಯಸ್ಸಾಗೇದೇನು?’ ಈಗ ನೋಡಿದರೆ ಸೆಂಟ್ರಲ್ ಲೈನಿನ ನಟ್ಟನಡುವೆ ಬೀಸುಗಾಲಿನಲ್ಲಿ ಹೊರಟಿದ್ದಾಳೆ. ಕೇಳಿದರೆ, ‘ನಾಯೀಗೆ ಹಾಸಿದ್ದದು. ಖಾಲಿ ಬಿದ್ದದ ಅಂತ ನಡದೆ’ ಅನ್ನುತ್ತಾಳೆ. ತೊಂದರೆ ಎಂದರೆ ಹಾಸು ಒಂಟಿ ಹಳಿಯದು. ಎದುರಿನಿಂದ ರನ್ನ ಬಂದರೆ ಇಬ್ಬರೂ ನಿಲ್ಲುತ್ತಾರೆ. ಟೈಲಿಗೆ ಇಳಿಯಲು ಇಬ್ಬರಿಗೂ ಮನಸ್ಸಿಲ್ಲ. ‘ಸರಿ ಆಚೆ’ ಎಂದು ಅಮ್ಮ. ಬಾಲ ಅಲ್ಲಾಡಿಸುತ್ತ ರನ್ನ. ಸೋಲುವವನು ಹೆಚ್ಚಾಗಿ ರನ್ನನೇ, ಹಿಂದೆ ಹಿಂದೆ ನಡೆದು ದಾದರ್ ತಲುಪುತ್ತಾನೆ.

ಮಳೆಗಾಲದ ಸೊಸೈಟಿ ಸಭೆಯಲ್ಲಿ ನಾನು ಲಾಬಿಗೊಂದು ಹಾಸಿನ ಪ್ರಸ್ತಾಪವಿಟ್ಟೆ. ನಾಯಿಯ ಮಾತು ಬಂದರೆ ಈ ಊರು ಬಿಸಿಯಾಗುವುದು ಹೊಸತಲ್ಲ. 1832ರಲ್ಲಿ ಬೀದಿನಾಯಿ ಕೊಲ್ಲುವ ಸರ್ಕಾರದ ಅಪ್ಪಣೆಯ ವಿರುದ್ಧ ಪಾರ್ಸಿಗಳು ಎದ್ದು ಮುಂಬಯಿಯಲ್ಲಿ ದಂಗೆಯೇ ಆಗಿತ್ತು. ನಮ್ಮಲ್ಲಿ ಅಷ್ಟಾಗಲಿಲ್ಲ. ನಾಯಿಗಾಗಿ ಇಳಕಲ್ ಗ್ರಾನೈಟ್ ಮುಚ್ಚುವುದೇ ಎಂದು ಖಜಾಂಚಿ ಕೇಳಿದರು. ಪ್ರಸ್ತಾಪ ಬಿತ್ತು. ಮರುವಾರ ಒದ್ದೆ ಛತ್ರಿಯ ಜೊತೆ ಸೆಕ್ರೆಟರಿ ಲಾಬಿಯಲ್ಲಿ ಮೇಲಿಂದ ಕೆಳಗೆ ಬಂದರು. ಪೆಟ್ಟೇನಾಗಲಿಲ್ಲ. ಮತ್ತೆ ಸಭೆ ಸೇರಿ, ‘ಹಿರಿಯ ನಾಗರಿಕರ ಸುರಕ್ಷತೆಗಾಗಿ’ ರಬ್ಬರ್ ಹಾಸು ಸರ್ವಾನುಮತದಿಂದ ಪಾಸಾಯಿತು. ಬಣ್ಣದ ಮೇಲೆ ಮಾತ್ರ ಒಂದು ಗಂಟೆ ಚರ್ಚೆ ನಡೆಯಿತು. ನೋಟಿಸಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ಸಾಕುಪ್ರಾಣಿಗಳ ಮಾಲೀಕರು ತಮ್ಮ ಪ್ರಾಣಿಗಳನ್ನು ಹಾಸಿನ ಮೇಲೆ ನಡೆಸಬಾರದು.

ರನ್ನನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನೋಟಿಸು ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ.