ಬೆಚ್ಚನೆಯ ಊರೂ ಬರಿದಾದ ತಲೆಯೂ

ಬೆಂಗಳೂರನ್ನು ಪಿಂಚಣಿದಾರರ ಸ್ವರ್ಗ ಎಂದು ಕರೆಯುತ್ತಿದ್ದ ಕಾಲದಲ್ಲಿ ನಾನಿನ್ನೂ ಸಂಬಳದಾರನಾಗಿದ್ದೆ. ನನಗೆ ಪಿಂಚಣಿ ಬರುವ ಹೊತ್ತಿಗೆ ಸ್ವರ್ಗವು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ಅದನ್ನಾದರೂ ಸಹಿಸುತ್ತಿದ್ದೆ, ಮಂಡಿಗಳು ಒಪ್ಪಲಿಲ್ಲ. ಡಿಸೆಂಬರ್ ಬಂತೆಂದರೆ ಬಲಗಾಲಿನದು ಒಂದು ದೂರು, ಎಡಗಾಲಿನದು ಇನ್ನೊಂದು. ಮಂಕಿ ಕ್ಯಾಪು, ಮಫ್ಲರು, ಎರಡು ಸ್ವೆಟರು ಏರಿಸಿಕೊಂಡು ಹಾಲು ತರಲು ಹೊರಟರೆ ದಿನಾ ಬಿಸ್ಕತ್ತು ತಿನ್ನುವ ಬೀದಿನಾಯಿಗಳೇ ಗುರುತು ಸಿಗದೆ ಬೊಗಳುತ್ತಿದ್ದವು. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕೂತಿರುವ ಊರಿನಲ್ಲಿ ಇನ್ನೇನಾದೀತು?

"1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು, ಗೊತ್ತಾ?" ಎಂದೆ ಹೆಂಡತಿಗೆ.

"ಆ ಚಳಿ ನಿಮ್ಮ ಮಂಡಿಗೆ ಈಗ ತಾಗ್ತಿದೆಯಾ?" ಎಂದಳು.

ಬೆಚ್ಚಗಿರುವ ಊರೊಂದನ್ನು ನೋಡಿಕೊಳ್ಳಬೇಕೆಂದು ಅಂದೇ ತೀರ್ಮಾನಿಸಿದೆ. ಮೈಸೂರಿಗೆ ಹೋಗಿ ಎಂದವರು ಹಲವರು, ಧಾರವಾಡ ಎಂದವರು ಕೆಲವರು. ಎರಡೂ ಕಡೆ ನನ್ನ ಸ್ವೆಟರಿಗೆ ಬಿಡುಗಡೆಯಿಲ್ಲ. ಬೆಚ್ಚಗೆ ಎಂದರೆ ಎಷ್ಟು ಬೆಚ್ಚಗೆ ಎಂದು ಮಾತ್ರ ಯೋಚಿಸಿರಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಹಳೆಯ ಸಹೋದ್ಯೋಗಿಯ ಮನೆಗೆ ಹೋದೆ. 43 ಡಿಗ್ರಿ. ಮಂಡಿನೋವು ನಿಜಕ್ಕೂ ಹೋಯಿತು. ಮಂಡಿ ಇದೆ ಎಂಬ ಪ್ರಜ್ಞೆಯೂ ಅದರ ಜೊತೆಗೇ ಹೋಯಿತು. "ಇಲ್ಲೇ ಬಂದ್ ಇದ್ದುಬಿಡ್ರಿ ಸರ, ಮನಿ ಬಾಡಿಗಿ ಭಾಳ ಕಡಿಮಿ," ಎಂದು ಆದರದಿಂದ ಕರೆದ ಅವರು, ನಾಳೆಯೇ ತಾವು ಬೆಂಗಳೂರಿಗೆ ಮಗಳ ಮನೆಗೆ ಹೊರಟಿರುವುದಾಗಿಯೂ ಮಳೆ ಬಿದ್ದ ಮೇಲೆಯೇ ವಾಪಸು ಬರುವುದಾಗಿಯೂ ತಿಳಿಸಿದರು.

ಉಳಿದದ್ದು ಕರಾವಳಿ. ಅಲ್ಲಿ ಉರಿಯುವುದಿಲ್ಲ, ಬೇಯುತ್ತದೆ. ನನ್ನ ಮಂಡಿಗೆ ಬೇಕಾದದ್ದು ಅದೇ.

ಊರನ್ನು ಅಳೆಯಲು ನನ್ನದೇ ಒಂದು ವಿಧಾನವಿದೆ. ಬ್ರೋಕರು ಹೇಳುವುದು ಸುಳ್ಳು, ಹೋಟೆಲಿನವನಿಗೆ ಪುರುಸೊತ್ತಿಲ್ಲ, ನೆಂಟರು ಹೆದರಿ ನಿಜ ಹೇಳುವುದಿಲ್ಲ. ಎಲ್ಲಿ ಪಕ್ಕದ ಮನೆಗೇ ಬಂದುಬಿಡುತ್ತಾನೋ ಎಂಬ ಹೆದರಿಕೆ. ಊರಿನ ಸತ್ಯ ಗೊತ್ತಿರುವುದು ಕ್ಷೌರದಂಗಡಿಯಲ್ಲಿ. ಯಾವ ಬೀದಿಗೆ ನೀರು ಬರುವುದಿಲ್ಲ, ಯಾವ ಡಾಕ್ಟರು ಚೀಟಿ ತುಂಬ ಬರೆಯುತ್ತಾರೆ, ಯಾರ ಮನೆ ಕೋರ್ಟಿನಲ್ಲಿದೆ, ಎಲ್ಲವೂ ಅಲ್ಲಿ ಬಾಯಿಪಾಠ. ಆದರೆ ಸುಮ್ಮನೆ ಬೆಂಚಿನ ಮೇಲೆ ಕೂತವನಿಗೆ ಸಿಗುವುದು ಹಳೆಯ ಪೇಪರು ಮಾತ್ರ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡವನಿಗಷ್ಟೇ ಮಾಹಿತಿ. ಆದ್ದರಿಂದ ನೋಡಿದ ಊರಲ್ಲೆಲ್ಲ ಕ್ಷೌರ ಮಾಡಿಸಿಕೊಳ್ಳುವುದು ಎಂದಾಯಿತು. ಈ ಯೋಜನೆಯಲ್ಲಿ ಕೂದಲು ಖರ್ಚಾಗುವ ವಸ್ತು ಎಂಬುದು ರೈಲು ಹತ್ತುವಾಗ ಹೊಳೆದಿರಲಿಲ್ಲ.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಒಂದೊಂದೇ ಊರು ಇಳಿಯುತ್ತ ಬಂದೆವು. ಕಾರವಾರದ ಕಡಲು ನೋಡಿ ಮರುಳಾಗದವರಿಲ್ಲ. ಟಾಗೋರರು ಇಪ್ಪತ್ತರ ಹರೆಯದಲ್ಲಿ ಇಲ್ಲಿಗೆ ಬಂದಿದ್ದರು, ಇಲ್ಲೇ ನಾಟಕ ಬರೆದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅವರಿಗೆ ಅಣ್ಣನಿದ್ದ, ನನಗೆ ಬ್ರೋಕರಿದ್ದ. "ಸೀ ವ್ಯೂ ಸರ್" ಎಂದು ಆತ ನನ್ನನ್ನು ಮೂರನೇ ಮಹಡಿಯ ಮೇಲಿನ ತಾರಸಿಗೆ, ಅಲ್ಲಿಂದ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಗೆ ಹತ್ತಿಸಿದ. ಮಂಡಿನೋವಿಗಾಗಿ ಮನೆ ಹುಡುಕುತ್ತಿರುವವನನ್ನು! ಸಮುದ್ರವೇನೋ ಕಂಡಿತು. ಇಳಿಯಲು ಹೆಂಡತಿ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಎಣಿಸಿ ಹೇಳಬೇಕಾಯಿತು. ಈ ಬ್ರೋಕರುಗಳಿಗೆ ಮುದುಕರೆಂದರೆ ಚೆಕ್‌ಬುಕ್ಕಿಗೆ ಕೈಕಾಲು ಬಂದದ್ದು ಅಷ್ಟೆ.

ಕಾರವಾರದಲ್ಲಿ ಪೂರ್ತಿ ಕಟಿಂಗ್ ಆಯಿತು. ಕುಮಟೆಯಲ್ಲಿ "ಇನ್ನೂ ಸ್ವಲ್ಪ ಸಣ್ಣಗೆ" ಎಂದೆ. ಹೊನ್ನಾವರಕ್ಕೆ ಬಂದಾಗ ಮಿಷನ್ ಹಾಕಿಸುವುದಷ್ಟೇ ಬಾಕಿ. ಅದನ್ನು ಹಾಕಿಸಿ, ಮಾತು ಮುಗಿಯಲಿಲ್ಲವೆಂದು ಗಡ್ಡವನ್ನೂ ಒಪ್ಪಿಸಿದೆ. "ಇಲ್ಲಿ ಆಸ್ಪತ್ರೆ ಹೇಗಪ್ಪಾ?" ಎಂದಾಗ ಕತ್ತಿ ನನ್ನ ಗಂಟಲ ಹತ್ತಿರ ನಿಂತಿತು. "ಸಣ್ಣಪುಟ್ಟದಕ್ಕೆಲ್ಲ ಉಂಟು ಸರ್. ಹೃದಯ, ತಲೆ ಅಂದ್ರೆ ಮಣಿಪಾಲಕ್ಕೇ ಹೋಗಬೇಕು. ನಮ್ಮ ಅಪ್ಪನ್ನ ಆಂಬುಲೆನ್ಸಿನಲ್ಲಿ ಕರ್ಕೊಂಡು ಹೋದ್ವಿ. ಬೈಂದೂರು ದಾಟಲಿಲ್ಲ." ಆಮೇಲೆ ಕತ್ತಿ ಮತ್ತೆ ಚಲಿಸಿತು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಆದರೂ ದೊಡ್ಡ ಕಾಯಿಲೆಯೆಂದರೆ ಆ ತುದಿಯವರು ಗೋವಾದ ಬಾಂಬೋಳಿಗೆ, ಈ ತುದಿಯವರು ಮಣಿಪಾಲಕ್ಕೆ, ಮಂಗಳೂರಿಗೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜನ ಕೇಳುತ್ತಲೇ ಇದ್ದಾರೆ, ಚುನಾವಣೆಗಳು ಬಂದು ಹೋಗುತ್ತಲೇ ಇವೆ. ಸೂರ್ಯಾಸ್ತ ಚೆನ್ನಾಗಿದೆ ಎಂದು ಮನೆ ಹುಡುಕುತ್ತ ಬಂದ ನನಗೆ ಆ ಮನುಷ್ಯನ ಮುಂದೆ ಮುಖ ಎತ್ತುವುದು ಕಷ್ಟವಾಯಿತು. ಎತ್ತಿಯೇ ಕೂತಿದ್ದೆ, ಗಡ್ಡ ಅರ್ಧವಾಗಿತ್ತು.

ಕುಂದಾಪುರದಿಂದ ಮಣಿಪಾಲಕ್ಕೆ ಒಂದು ಗಂಟೆ ಸಾಕು. ಹಾಗಾಗಿ ಅಲ್ಲಿಗೆ ಬರುವಾಗಲೇ ಅರ್ಧ ಮನಸ್ಸಾಗಿತ್ತು. ಸೆಲೂನಿಗೆ ಹೋಗಿ ನೇರ ಕುರ್ಚಿ ಹತ್ತಿದೆ. ಆತ ಅಭ್ಯಾಸಬಲದಿಂದ ಬಟ್ಟೆ ಝಾಡಿಸಿ ಕುತ್ತಿಗೆಗೆ ಕಟ್ಟಿದ, ಕತ್ತರಿ ಎತ್ತಿಕೊಂಡ, ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಮತ್ತೊಂದು ಬಂದ.

"ಹ್ವಾಯ್, ಇದ್ರಗೆ ಎಂತ ತೆಗುದ್ ಮಾರಾಯ್ರೆ?"

"ನಿಮಗೆ ಕಂಡಷ್ಟು," ಎಂದೆ.

ಏಳಿ ಎನ್ನಬಹುದಿತ್ತು. ಹತ್ತಿ ಕೂತ ಗಿರಾಕಿಯನ್ನು ಎಬ್ಬಿಸಿ ಅವನಿಗೆ ಅಭ್ಯಾಸವಿಲ್ಲ. ಸ್ಪ್ರೇ ಬಾಟಲಿಯಿಂದ ತಲೆಗೆ ನೀರು ಹೊಡೆದ. ಬಾಚಣಿಗೆಯನ್ನು ಬೋಳುಬುರುಡೆಗೆ ತಾಗಿಯೂ ತಾಗದಂತೆ ಎಳೆದ. ಕಿವಿಯ ಹಿಂದೆ, ಮೇಲೆ, ಮುಂದೆ, ಬರೀ ಗಾಳಿಯಲ್ಲಿ ಕತ್ತರಿ ಕಚಕಚ ಎನ್ನತೊಡಗಿತು. ಮೂಲೆಯ ಟಿ.ವಿ.ಯಲ್ಲಿ ಯಕ್ಷಗಾನದ ಚಂಡೆ ಏರಿದರೆ ಕತ್ತರಿಯೂ ಏರುವುದು, ಭಾಗವತರು ನಿಧಾನಿಸಿದರೆ ಅದೂ ನಿಧಾನಿಸುವುದು. "ತಲೆ ಸಮಾ ಹಿಡೀನಿ" ಎಂದು ಗದ್ದ ಹಿಡಿದು ತಿರುಗಿಸಿದ. ಇಲ್ಲದ ಕೃದಾ ಎಷ್ಟು ಇಳಿಯಿತೆಂದು ಎರಡೂ ಬದಿಗೆ ಬೆರಳಿಟ್ಟು ಕನ್ನಡಿಯಲ್ಲಿ ತಾಳೆ ನೋಡಿದ; ಎಡಗಡೆ ಒಂದಿಷ್ಟು ಹೆಚ್ಚಿದೆ ಎನ್ನಿಸಿತೋ ಏನೋ, ಅಲ್ಲಿಗೆ ಮತ್ತೆ ನಾಲ್ಕು ಕಚಕ್. ನನಗೂ ಹುರುಪು ಬಂತು. ಕೊನೆಗೆ ಕೈಗನ್ನಡಿ ಹಿಂದೆ ಹಿಡಿದು ತೋರಿಸಿದಾಗ, ಗಂಭೀರವಾಗಿ ನೋಡಿ, "ಹಿಂದುಗಡೆ ಇನ್ನೂ ಒಂಚೂರು" ಎಂದುಬಿಟ್ಟೆ. ಆತ ನಗಲಿಲ್ಲ. ತೆಗೆದ.

ಇಷ್ಟರಲ್ಲಿ ನಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನೆಲ್ಲ ಬೆಂಚಿನವರೇ ನನಗೆ ಕೇಳಿ ಮುಗಿಸಿದ್ದರು. ಯಾವ ಊರು, ಯಾವ ಇಲಾಖೆ, ಪಿಂಚಣಿ ಎಷ್ಟು, ಶುಗರ್ ಉಂಟೋ.

"ಮಕ್ಳ್ ಎಷ್ಟ್ ಜನ?" ಎಂದರು ಒಬ್ಬ ಹಿರಿಯರು.

"ಒಬ್ಬನೇ ಮಗ. ಅಮೆರಿಕದಲ್ಲಿದ್ದಾನೆ."

"ಹಾಂಗಾರೆ ಮನಿ ಸಿಕ್ಕತ್ತ್. ಇಲ್ಲೆಲ್ಲ ಖಾಲಿಯೇ. ನಮ್ಮ ಮಕ್ಳ್ ಬೆಂಗ್ಳೂರಂಗೆ ಇದ್ರಲೆ."

ಬೆಂಚಿನ ಮೇಲಿದ್ದವರು ಯಾರೂ ಅದಕ್ಕೆ ಏನನ್ನೂ ಸೇರಿಸಲಿಲ್ಲ. ನಾನು ಬಿಟ್ಟು ಬರಲು ಹೊರಟ ಊರಿನ ಟ್ರಾಫಿಕ್ಕಿನಲ್ಲಿ ನಿಂತಿರುವವರು ಇವರ ಮಕ್ಕಳು. ಅವರು ಬಿಟ್ಟುಹೋದ ಹೆಂಚಿನ ಮನೆಗಳ ಬೀಗಕ್ಕೆ ನಾನು ಗಿರಾಕಿ.

ಪೌಡರ್ ಹಾಕಿ ಬಟ್ಟೆ ಬಿಚ್ಚಿದ ಮೇಲೆ ಆತ ಪೂರ್ತಿ ದುಡ್ಡು ತೆಗೆದುಕೊಂಡ. "ಕೆಲ್ಸ ಮಾಡಿದ್ದೆ ಅಲ್ದಾ?" ಎಂದ. ಮಾಡಿದ್ದ.

ಹೊರಗೆ ಹೆಂಡತಿ ಹೂವಿನವಳ ಹತ್ತಿರ ನಿಂತಿದ್ದಳು. ಶಂಕರಪುರ ಮಲ್ಲಿಗೆ ಒಂದು ಚೆಂಡು ಕೊಳ್ಳುವಷ್ಟರಲ್ಲಿ ಅವಳ ಸಮೀಕ್ಷೆ ಮುಗಿದಿತ್ತು. ಹೊಳೆಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ಬರುತ್ತದೆ, ಆ ಕಡೆ ಮನೆ ಬೇಡ. ಹೂವಿನವಳ ನಾದಿನಿ ಮನೆಗೆಲಸಕ್ಕೆ ಬರುತ್ತಾಳೆ. ಅವಳ ಬೀದಿಯಲ್ಲೇ ಬಾವಿ ಸಿಹಿ ಇರುವ ಮನೆಯೊಂದು ಖಾಲಿಯಿದೆ. ನನ್ನ ನಾಲ್ಕು ಊರಿನ ಕೂದಲಿಗೆ ಸಿಗದ ಮಾಹಿತಿ.

"ಕೊಂಡ್ಕೊಳ್ಳೋದು ಬೇಡ. ಜೂನ್‌ನಿಂದ ಬಾಡಿಗೆಗೆ ಇರೋಣ. ಮಳೆಗಾಲ ಒಂದು ಕಳೀಲಿ, ಆಮೇಲೆ ಮಾತು," ಎಂದಳು. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಬೆಂಗಳೂರಿನದರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಮಂಡಿಗೆ ಥಂಡಿಯೂ ಆಗದು ಎಂದು ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳಿಲ್ಲ.

ಅಡ್ವಾನ್ಸ್ ಕೊಟ್ಟ ರಾತ್ರಿ ಮಗ ವಿಡಿಯೊ ಕಾಲ್ ಮಾಡಿದ. ಪರದೆಯ ಮೇಲೆ ನನ್ನ ಬೋಳುತಲೆ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಅಪ್ಪಾ, ಯಾರು ಹೋದ್ರು?"

"ಯಾರೂ ಹೋಗಿಲ್ಲ ಕಣೋ," ಎಂದಳು ಅವಳು ಒಳಗಿನಿಂದ. "ಜೂನ್‌ನಲ್ಲಿ ನಾವೇ ಹೋಗ್ತಿದ್ದೀವಿ, ಕುಂದಾಪುರಕ್ಕೆ."