ಕೊನೆಯ ಮೂವತ್ತು ಅಡಿ

ಸಮುದ್ರದ ತಳದಲ್ಲಿ ಕೇಬಲ್ ಎಳೆಯುವುದು ಸುಲಭ. ವಿಶಾಖಪಟ್ಟಣಕ್ಕೆ ಅಂಥ ಕೇಬಲ್ ಹಿಡಿದು ಗೂಗಲ್ ಬರುತ್ತದಂತೆ, 1500 ಕೋಟಿ ಡಾಲರ್ ಸುರಿಯುತ್ತದಂತೆ, ಒಂದು ಗಿಗಾವಾಟ್‌ನ ಡೇಟಾ ಸೆಂಟರ್ ಕಟ್ಟುತ್ತದಂತೆ. 2025ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಸಹಿ ಬಿತ್ತು. ಶಾಲು ಹೊದಿಸಿದರು. ಫೋಟೊ ಹೊಡೆಸಿಕೊಂಡರು.

ಕಷ್ಟ ಇರುವುದು ಆಂಧ್ರದ ಗಡಿಯ ನಮ್ಮ ಹೊಳಗುಂದದಲ್ಲಿ. ಕಂಬದಿಂದ ಕಟ್ಟೆಗೆ ಮೂವತ್ತು ಅಡಿ. ಆ ಮೂವತ್ತು ಅಡಿಗೆ ಯಾವ ಮಂತ್ರಿಯೂ ಬರುವುದಿಲ್ಲ. ಕತ್ತರಿಸಲು ಅಲ್ಲಿ ರಿಬ್ಬನ್ ಇಲ್ಲ ನೋಡಿ.

ಅದನ್ನು ದಾಟಿಸುವವನು ಡಿಟಿಪಿ ಅಂಗಡಿಯ ಹುಡುಗ.

ಅವನ ಅಂಗಡಿ ನೀವು ನೋಡಿದ್ದೀರಿ. ಆದೋನಿಯಲ್ಲಿ, ಎಮ್ಮಿಗನೂರಿನಲ್ಲಿ, ಕೌತಾಳದಲ್ಲಿ, ಆಲೂರಿನಲ್ಲಿ ಎಲ್ಲ ಕಡೆ ಒಂದೇ ನಮೂನೆ. ಹೊರಗೆ ಬೋರ್ಡು: ಜೆರಾಕ್ಸ್, ಪ್ಯಾನ್ ಕಾರ್ಡ್, ಆಧಾರ್ ಪ್ರಿಂಟ್, ರೈಲು ಟಿಕೆಟ್. ಒಳಗೆ ಹಳೇ ಕಂಪ್ಯೂಟರು. ಗೋಡೆಯ ತೂತಿನಿಂದ ಒಂದು ತಂತಿ ಇಳಿದು ಅದರ ಬೆನ್ನಿಗೆ ಚುಚ್ಚಿಕೊಂಡಿದೆ. ಹಳೇ ಡಬ್ಬಿ, ವೈಫೈ ಇಲ್ಲ. ಹಾಗಾಗಿ ಮುಂದಿನ ಯುಎಸ್‌ಬಿ ತೂತಿಗೆ ಹೆಬ್ಬೆರಳ ಉಗುರಿನಷ್ಟು ಗಾತ್ರದ ಡಾಂಗಲ್ ಸಿಕ್ಕಿಸಿದ್ದಾನೆ. ಅದರ ಪುಟ್ಟ ನೀಲಿ ದೀಪ ಪಟಪಟ ಮಿಟುಕುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ‘ಮೊಬೈಲ್ ಹಾಟ್‌ಸ್ಪಾಟ್’ ಎಂಬ ಗುಂಡಿ ಒತ್ತಿದ. ಮುಗಿಯಿತು. ತಂತಿಯಲ್ಲಿ ಬಂದದ್ದು ಗಾಳಿಗೆ ಬಿತ್ತು.

ಇದರಲ್ಲಿ ಗುಟ್ಟೇನೂ ಇಲ್ಲ. ಕಂಪ್ಯೂಟರು ಬಂದ ಫೋನಿಗೆಲ್ಲ 192.168.137 ಎಂದು ಶುರುವಾಗುವ ಒಂದೊಂದು ನಂಬರು ಹಂಚುತ್ತದೆ. ಒಳಗೆ ಎಷ್ಟು ಜನವಿದ್ದರೂ ಹೊರಲೋಕಕ್ಕೆ ಕಾಣುವುದು ಒಂದೇ ವಿಳಾಸ, ಒಂದೇ ಬಿಲ್ಲು. ಸಂಪರ್ಕ ಹಂಚುವ ಸೌಲಭ್ಯ 1999ರ ವಿಂಡೋಸ್ 98 ಎರಡನೇ ಆವೃತ್ತಿಯಲ್ಲೇ ಇತ್ತು. ವಿಂಡೋಸ್ 7ರ ಕಾಲದಲ್ಲಿ ಕಪ್ಪು ಪರದೆ ತೆರೆದು ಉದ್ದನೆಯ ಕಮಾಂಡು ಟೈಪಿಸಬೇಕಿತ್ತು. ಅದು ಗೊತ್ತಿದ್ದವನೇ ಆಗ ಊರಿಗೆ ಇಂಜಿನಿಯರು. 2016ರ ಹೊತ್ತಿಗೆ ವಿಂಡೋಸ್ 10ರಲ್ಲಿ ಎಲ್ಲವೂ ಒಂದು ಗುಂಡಿಗೆ ಇಳಿಯಿತು.

ಗುಂಡಿ ಕೊಟ್ಟ ಮೈಕ್ರೋಸಾಫ್ಟ್‌ಗೆ ಹಂಚುವುದು ತಪ್ಪು ಅನ್ನಿಸಲಿಲ್ಲ. ತಪ್ಪು ಅನ್ನಿಸಿದ್ದು ನಮ್ಮ ಬೀದಿಯ ಕೇಬಲ್ಲಿನವನಿಗೆ.

“ಹಂಗೆಲ್ಲ ಬಿಡಂಗಿಲ್ಲ ತಮ್ಮಾ, ಕಂಪನಿಯವರು ಕಟ್ ಮಾಡ್ತಾರ” ಅನ್ನುತ್ತಾನೆ. ಅರ್ಜಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹಾಗೆ ಬರೆದಿದೆಯಂತೆ. ಸರಿ. ಅವನ ಉದ್ಯೋಗವೇನು? ಒಂದು ಗಾಜಿನ ಎಳೆಯನ್ನು ತಂದು, ಕಂಬದ ಮೇಲಿನ ಡಬ್ಬಿಯಲ್ಲಿ ಸ್ಪ್ಲಿಟರ್ ಇಟ್ಟು, ಮೂವತ್ತೆರಡು ಮನೆಗೆ ಸೀಳುವುದು. ಆ ಮೂವತ್ತೆರಡು ಮನೆಗೂ ‘ನಿಮಗೊಬ್ಬರಿಗೇ ಐವತ್ತು ಎಂಬಿಪಿಎಸ್’ ಎಂದು ಮಾರುವುದು. ಅವನು ಸೀಳಿದರೆ ತಂತ್ರಜ್ಞಾನ. ಹುಡುಗ ಸೀಳಿದರೆ ಕಳ್ಳತನ.

ದೆಹಲಿಯ ಕಥೆ ಇನ್ನೂ ಚೆನ್ನ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಕ್ಕೆ ಮುಂಚೆ ಬೆದರಿಕೆಯ ಇಮೇಲ್ ಹೋದದ್ದು ನವಿ ಮುಂಬೈಯಲ್ಲಿ ಯಾರದೋ ಬೀಗವಿಲ್ಲದ ವೈಫೈಯಿಂದ. ಮರುವರ್ಷ ದೂರಸಂಪರ್ಕ ಇಲಾಖೆ ಎಚ್ಚೆತ್ತು, ವೈಫೈಗೆ ಬೀಗ ಹಾಕಿ ಎಂದು ಆದೇಶ ಹೊರಡಿಸಿತು. ತಪ್ಪಿಲ್ಲ, ಹಾಕೋಣ. ಹತ್ತು ವರ್ಷ ಹಂಚುವವನನ್ನೆಲ್ಲ ಗುಮಾನಿಯಿಂದ ನೋಡಿದ ಮೇಲೆ, 2018ರಲ್ಲಿ ಹೊಸ ದೂರಸಂಪರ್ಕ ನೀತಿ ಬಂತು. 2022ಕ್ಕೆ ದೇಶದಲ್ಲಿ ಒಂದು ಕೋಟಿ ಸಾರ್ವಜನಿಕ ವೈಫೈ ತಾಣಗಳಂತೆ! 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಹಾದಂಗಡಿಯವನೂ ಕಿರಾಣಿಯವನೂ ಲೈಸೆನ್ಸಿಲ್ಲದೆ, ಶುಲ್ಕವಿಲ್ಲದೆ ವೈಫೈ ಹಂಚಬಹುದು ಎಂದಿತು.

ಅಂದರೆ ನಮ್ಮ ಹುಡುಗ ಕದ್ದುಮುಚ್ಚಿ ಮಾಡುತ್ತಿದ್ದುದು ರಾತ್ರೋರಾತ್ರಿ ರಾಷ್ಟ್ರೀಯ ಕ್ರಾಂತಿಯಾಯಿತು.

ಆಮೇಲೆ? ಕೋಟಿಯ ಹತ್ತಿರವೂ ಲೆಕ್ಕ ಸುಳಿಯಲಿಲ್ಲ. ಚಹಾ ಮಾರುವವನು ಹಂಚಬೇಕಾದರೆ ಮನೆಯ ಸಂಪರ್ಕ ಸಾಲದು, ದೊಡ್ಡ ಆಫೀಸುಗಳು ತೆಗೆದುಕೊಳ್ಳುವ ಲೀಸ್ಡ್ ಲೈನೇ ಬೇಕು ಎಂದು ಕಂಪನಿಗಳು ಕೂತವು. ಹತ್ತು ರೂಪಾಯಿ ಚಹಾ ಮಾರುವವನಿಗೆ ವರ್ಷಕ್ಕೆ ಲಕ್ಷಗಟ್ಟಲೆ ಬಿಲ್ಲು. ಮನೆಯ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬೇಡಿ ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಬಾಯಿ ಬಿಡಬೇಕಾದರೆ 2025ರ ಜೂನ್ ಬಂತು. ನಾಲ್ಕೂವರೆ ವರ್ಷ. ಇಷ್ಟರಲ್ಲಿ ಚಹಾದಂಗಡಿಯವನ ಮಗ ದೊಡ್ಡವನಾಗಿ ಬೆಂಗಳೂರಿಗೆ ಗುಳೆ ಹೋಗಿರುತ್ತಾನೆ.

ಅಮರಾವತಿಯೇನು ಕಡಿಮೆಯೇ? 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಕೈಯಿಂದ ಆಂಧ್ರ ಸರ್ಕಾರದ ಫೈಬರ್‌ನೆಟ್ ಉದ್ಘಾಟನೆಯಾಯಿತು. ತಿಂಗಳಿಗೆ 149 ರೂಪಾಯಿ. ಹದಿನೈದು ಎಂಬಿಪಿಎಸ್ ಇಂಟರ್ನೆಟ್ಟು, ಟಿವಿ, ಫೋನು, ಎಲ್ಲ ಒಂದೇ ತಂತಿಯಲ್ಲಿ. ಒಳ್ಳೆಯ ಯೋಜನೆ ಎಂದು ನಾನೂ ಚಪ್ಪಾಳೆ ತಟ್ಟಿದವನೇ. ಒಂದು ಸರ್ಕಾರ ತಂತಿ ಎಳೆಯಿತು. ಮುಂದಿನ ಸರ್ಕಾರ ಅದರ ಟೆಂಡರಿನ ಮೇಲೆ ಸಿಐಡಿ ಕೇಸು ಎಳೆಯಿತು. ತಂತಿ ಮಾತ್ರ ಕರೆಂಟ್ ಕಂಬದಿಂದ ಕಂಬಕ್ಕೆ ಜೋತಾಡುತ್ತಿದೆ. ಹುಲ್ಲು ಹೇರಿದ ಟ್ರಾಕ್ಟರು ಬಂದ ದಿನ ಅದೂ ಇಲ್ಲ.

ಇಷ್ಟಾದ ಮೇಲೂ ‘ಎಲ್ಲ ಆನ್‌ಲೈನ್’ ಎನ್ನುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೋ.

ಹತ್ತಿಯನ್ನೇ ನೋಡಿ. ಆದೋನಿ ಅಂದರೆ ಹತ್ತಿ. ರಾಜ್ಯದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಒಂದು. 2025ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 8110 ರೂಪಾಯಿ. ಕೊಳ್ಳುವುದು ಭಾರತೀಯ ಹತ್ತಿ ನಿಗಮ. ಆದರೆ ಚೀಲ ಹೊತ್ತು ಯಾರ್ಡಿಗೆ ಹೋದರೆ ಸಾಲದು. ‘ಕಪಾಸ್ ಕಿಸಾನ್’ ಆ್ಯಪಿನಲ್ಲಿ ಹೆಸರು ನೋಂದಾಯಿಸಬೇಕು, ಸ್ಲಾಟ್ ಬುಕ್ ಮಾಡಬೇಕು. ಮಳೆಗೆ ನೆನೆದ ಹತ್ತಿ, ಸಾಲದ ಬಡ್ಡಿ, ಕೂಲಿಯವರ ಬಾಕಿ ಎಲ್ಲ ತಲೆಯ ಮೇಲಿಟ್ಟುಕೊಂಡ ಕೋಸಗಿಯ ರೈತ ಈಗ ಡಿಟಿಪಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾನೆ. ಫೋನಿನಲ್ಲಿ ಚಕ್ರ ಸುತ್ತುತ್ತಿದೆ.

“ಏ ತಮ್ಮಾ, ಒಂದೀಟು ನೆಟ್ ಬಿಡಪ್ಪ. ಸ್ಲಾಟ್ ತಪ್ಪಿ ಹೋಗ್ತೈತಿ.”

“ಎಂಟು ಮಂದಿ ತುಂಬ್ಯಾರ ಮಾವ. ಯಾರನ್ನಾರ ಒಬ್ಬರನ್ನ ಇಳಸ್ತೀನಿ, ತಡೀರಿ.”

ಎಂಟೇ ಯಾಕೆ ಅಂದರೆ ವಿಂಡೋಸ್ ಹಾಟ್‌ಸ್ಪಾಟಿಗೆ ಎಂಟು ಫೋನಿನ ಮಿತಿ. ಒಬ್ಬ ರೀಲ್ಸ್ ನೋಡುವವನನ್ನು ಇಳಿಸಿದರೆ ಒಬ್ಬ ರೈತನಿಗೆ ಜಾಗ. ಯಾರ ಕೆಲಸ ದೊಡ್ಡದು, ಯಾರದು ಚಿಕ್ಕದು ಎಂದು ಈ ಹುಡುಗ ದಿನವಿಡೀ ತೂಗುತ್ತಾನೆ. ಕಲೆಕ್ಟರು ಮಾಡಬೇಕಾದ ಕೆಲಸ. ಸಂಬಳ ಮಾತ್ರ ಜೆರಾಕ್ಸಿಗೆ ಎರಡು ರೂಪಾಯಿ.

ಆ ಎಂಟರಲ್ಲಿ ಒಬ್ಬ ಉದ್ಯೋಗ ಖಾತ್ರಿಯ ಮೇಟ್ ಇರುತ್ತಾನೆ. 2023ರ ಜನವರಿಯಿಂದ ಕೂಲಿಗಳ ಹಾಜರಿ ಆ್ಯಪಿನಲ್ಲೇ ಆಗಬೇಕೆಂದು ಕಡ್ಡಾಯವಾಯಿತು. ಕೆರೆಯಂಗಳದಲ್ಲಿ ದಿನಕ್ಕೆರಡು ಸಲ ಫೋಟೊ. ಅಲ್ಲಿ ಸಿಗ್ನಲ್ ಇಲ್ಲ. ಹಾಗಾಗಿ ಫೋಟೊವನ್ನು ಜೇಬಿನಲ್ಲಿಟ್ಟುಕೊಂಡು ಸಂಜೆ ಇಲ್ಲಿಗೆ ಬರುತ್ತಾನೆ. ಫೋಟೊ ಹತ್ತದಿದ್ದರೆ ಕೂಲಿ ಇಲ್ಲ. ಬೆವರು ಸುರಿದದ್ದಕ್ಕೆ ಸಾಕ್ಷಿ ಬೆವರಲ್ಲ, ಅಪ್‌ಲೋಡು.

ಮೇಷ್ಟ್ರುಗಳದ್ದೂ ಅದೇ ಪಾಡು. 2022ರ ಆಗಸ್ಟಿನಿಂದ ಫೋನಿಗೆ ಮುಖ ತೋರಿಸಿ ಹಾಜರಿ ಹಾಕಬೇಕು. ಫೋನು ಸ್ವಂತದ್ದು, ಡೇಟಾ ಸ್ವಂತದ್ದು, ನೌಕರಿ ಸರ್ಕಾರದ್ದು. ಶಾಲೆಗೆ ತಂತಿ ಬಂದಿದ್ದರೆ ಹೆಡ್‌ಮಾಸ್ಟರರ ಲ್ಯಾಪ್‌ಟಾಪಿನಿಂದ ಹಾಟ್‌ಸ್ಪಾಟ್ ಬಿಟ್ಟು ಎಲ್ಲರೂ ಒಬ್ಬೊಬ್ಬರಾಗಿ ಮುಖ ತೋರಿಸುತ್ತಾರೆ. ತಂತಿ ಹಂಚಬಾರದು ಎನ್ನುವ ವ್ಯವಸ್ಥೆಯ ಹಾಜರಿ ಪುಸ್ತಕ ತುಂಬುವುದೇ ಹಂಚಿದ ತಂತಿಯಿಂದ.

ಈಗ ವಾಟ್ಸ್‌ಆ್ಯಪ್ ಆಡಳಿತವೂ ಬಂದಿದೆ. 2025ರ ಜನವರಿ 30ರಂದು ‘ಮನ ಮಿತ್ರ’ ಶುರುವಾಯಿತು. ಮೊದಲ ದಿನವೇ 161 ಸೇವೆ. ಕಚೇರಿಗೆ ಅಲೆಯಬೇಡಿ, ಬೆರಳ ತುದಿಯಲ್ಲೇ ಎಲ್ಲ. ಬೆರಳು ಇದೆ ಸ್ವಾಮಿ. ಎಲ್ಲರಿಗೂ ಹತ್ತತ್ತು ಇವೆ.

ಸಿಗ್ನಲ್ ತರಲಾಗದ ಊರು ಇದು ಎಂದು ಮಾತ್ರ ಹೇಳಬೇಡಿ. ದಸರಾ ರಾತ್ರಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಬನ್ನಿ ಉತ್ಸವದ ಬಡಿಗೆ ಕಾಳಗಕ್ಕೆ ಡ್ರೋನು ಬರುತ್ತದೆ, ಸಿಸಿಟಿವಿ ಬರುತ್ತದೆ. ಬಡಿಗೆ ಎತ್ತಿದವನ ಮುಖ ಸ್ಪಷ್ಟವಾಗಿ ಕಾಣಬೇಕಲ್ಲ! ಬೆಳಗಾಗುತ್ತಲೇ ಎಲ್ಲ ಗಂಟುಮೂಟೆ ಕಟ್ಟುತ್ತದೆ. ನಾವು ತಲೆ ಒಡೆದುಕೊಂಡರೆ ನೋಡಲು ತಂತ್ರಜ್ಞಾನ ಉಂಟು. ನಾವು ಅರ್ಜಿ ಹಾಕಿದರೆ ಸರ್ವರ್ ಡೌನ್.

ಗಡಿಯ ತಮಾಷೆ ಬೇರೆಯೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಕತ್ತರಿಸಿ ಆಂಧ್ರಕ್ಕೆ ಕೊಟ್ಟರು. ಟವರುಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಗಡಿಯ ಹಳ್ಳಿಗಳಲ್ಲಿ ಸಿರುಗುಪ್ಪ ಕಡೆಯ ಸಿಗ್ನಲ್ ಹಿಡಿದರೆ, ತನ್ನ ಪಡಸಾಲೆಯಲ್ಲೇ ಕೂತವನಿಗೆ ‘ಕರ್ನಾಟಕಕ್ಕೆ ಸ್ವಾಗತ’ ಎಂದು ಮೆಸೇಜು ಬರುತ್ತದೆ. ನವೆಂಬರ್ ಬಂದರೆ ಆಚೆಯಿಂದ ಭಾಷಣಕಾರರೂ ಬರುತ್ತಾರೆ. ಗಡಿನಾಡ ಕನ್ನಡಿಗರ ಸ್ಥಿತಿ ಕಂಡು ಗದ್ಗದರಾಗುತ್ತಾರೆ. ಹಾರ, ತುರಾಯಿ, ಸ್ಮರಣಿಕೆ. ರಾತ್ರಿಯ ಬಸ್ಸಿಗೆ ವಾಪಸು. ಮರುದಿನ ಕನ್ನಡ ಮಾಧ್ಯಮದ ಹುಡುಗಿ ಪಾಠದ ಪಿಡಿಎಫ್ ಇಳಿಸಿಕೊಳ್ಳಲು ಅದೇ ಡಿಟಿಪಿ ಅಂಗಡಿಯ ಬಾಗಿಲಿಗೆ ಬರುತ್ತಾಳೆ. ಸಂಪರ್ಕ ಕೆಟ್ಟು ಕಂಪನಿಗೆ ಫೋನು ಮಾಡಿದರೆ ತೆಲುಗಿಗೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು ಒತ್ತಿ ಎನ್ನುತ್ತದೆ. ಕನ್ನಡಕ್ಕೆ ಫೋನು ಇಡಿ.

ಸರ್ಕಾರವನ್ನು ಬೈದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾವೂ ಮಹಾ ಸಜ್ಜನರೇ. ಪಕ್ಕದ ಮನೆಗೆ ಹೋಳಿಗೆ ಕಳಿಸುತ್ತೇವೆ, ಹೆಪ್ಪಿಗೆ ಮಜ್ಜಿಗೆ ಕೊಡುತ್ತೇವೆ, ಪಾಸ್‌ವರ್ಡ್ ಕೇಳಿದರೆ ಕಿವಿ ಕೇಳಿಸುವುದಿಲ್ಲ. ಬೀದಿಯಲ್ಲಿ ನಿಂತು ಫೋನಿನಲ್ಲಿ ವೈಫೈ ಪಟ್ಟಿ ತೆರೆಯಿರಿ, ನಮ್ಮ ಔದಾರ್ಯ ಸಾಲಾಗಿ ಕಾಣುತ್ತದೆ: ‘ಕೇಳಬ್ಯಾಡ’, ‘ನಿಮ್ಮಪ್ಪನ್ನ ಕೇಳು’, ‘ಪೊಲೀಸ್ ಜೀಪ್’. ಕಟ್ಟೆಯ ಮೇಲೆ ಕೂತು ‘ಮೊಬೈಲಿಂದ ಹುಡುಗರು ಹಾಳಾದರು’ ಎಂದು ಪ್ರವಚನ ಕೊಡುವ ಹಿರಿಯರಿದ್ದಾರಲ್ಲ, ಆ ಕಟ್ಟೆಗೆ ಅವರು ಬಂದಿರುವುದೇ ಅಲ್ಲಿ ಹುಡುಗನ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು.

ಇನ್ನು ವೇಗ. 2023ರ ಜನವರಿಯಿಂದ ಕನಿಷ್ಠ ಎರಡು ಎಂಬಿಪಿಎಸ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಸರ್ಕಾರದ ವ್ಯಾಖ್ಯೆ. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಸಂಜೆ ಏಳಕ್ಕೆ ಅಂಗಡಿ ಮುಂದೆ ಎಂಟು ಜನ ನಿಂತಾಗ ತಲೆಗೆ ಬರುವುದನ್ನು ಅಳೆದರೆ ಎರಡೂ ವ್ಯಾಖ್ಯೆ ನಾಚಬೇಕು. ತುಂಗಭದ್ರಾ ಕೆಳಮಟ್ಟದ ಕಾಲುವೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗದದಲ್ಲಿ ಹರಿಯುವುದೇ ಒಂದು, ಕೊನೇ ಅಂಚಿನ ಹೊಲಕ್ಕೆ ಬರುವುದೇ ಒಂದು. ‘ಐವತ್ತು ಎಂಬಿಪಿಎಸ್‌ವರೆಗೆ’ ಎಂಬ ಜಾಹೀರಾತಿನಲ್ಲಿ ಕಂಪನಿ ದುಡ್ಡು ಮಾಡುವುದು ಆ ‘ವರೆಗೆ’ಯಲ್ಲೇ.

ಕರೆಂಟು ಹೋದರೆ ಕಂಪ್ಯೂಟರು ಆರುತ್ತದೆ. ಕಂಪ್ಯೂಟರು ಆರಿದರೆ ಡಾಂಗಲ್ ಆರುತ್ತದೆ. ಬೀದಿಯೆಲ್ಲ ಒಂದೇ ಸಲ ತಲೆ ಎತ್ತುತ್ತದೆ. ಆಗ ಬೈಗುಳ ಬೀಳುವುದು ವಿದ್ಯುತ್ ಇಲಾಖೆಗಲ್ಲ, ಕಂಪನಿಗಲ್ಲ, ಹುಡುಗನಿಗೆ. ಕೊಟ್ಟವನನ್ನೇ ಬೈಯುವುದು ನಮ್ಮ ಸಂಪ್ರದಾಯ.

ಹಾಗಂತ ಹುಡುಗ ಸಂತನಲ್ಲ. ಹಾಟ್‌ಸ್ಪಾಟಿಗೆ ಹತ್ತು ರೂಪಾಯಿ ಇಸಿದುಕೊಳ್ಳುತ್ತಾನೆ, ಪಾಸ್‌ವರ್ಡು ವಾರಕ್ಕೊಮ್ಮೆ ಬದಲಿಸುತ್ತಾನೆ. ಇಸಿದುಕೊಳ್ಳಲಿ. ಡಾಂಗಲ್ಲು ಅವನದು, ಕರೆಂಟು ಬಿಲ್ಲು ಅವನದು. ಸಿಕ್ಕಿಬಿದ್ದರೆ ಕೇಸೂ ಅವನದೇ.

ನಾನು ಸರ್ಕಾರದಿಂದ ಕೇಳುವುದು ಡೇಟಾ ಸೆಂಟರನ್ನಲ್ಲ. 2019ರ ಅಕ್ಟೋಬರ್ 2ರಿಂದ ಹಳ್ಳಿಹಳ್ಳಿಗೆ ಗ್ರಾಮ ಸಚಿವಾಲಯ ಎಂದು ಮಾಡಿದ್ದೀರಿ. ಅದರೊಳಗೆ ಕಂಪ್ಯೂಟರಿದೆ, ಇಂಟರ್ನೆಟ್ಟಿದೆ. ಸಂಜೆ ಬಾಗಿಲು ಹಾಕಿದ ಮೇಲೆ ಆ ಸಂಪರ್ಕ ರಾತ್ರಿಯೆಲ್ಲ ಖಾಲಿ ಬಿದ್ದಿರುತ್ತದೆ. ಅದನ್ನು ಹೊರಗಿನ ಕಟ್ಟೆಗೆ ಬಿಡಿ. ಫೋನ್ ನಂಬರಿಗೆ ಓಟಿಪಿ ಕಳಿಸಿ, ಬೀಗ ಬೇಕಾದರೆ ಹಾಕಿ. ಪಿಎಂ-ವಾಣಿಯಲ್ಲಿ ಇದೆಲ್ಲ ಆಗಲೇ ಬರೆದಿಟ್ಟಿದೆ, ಹೊಸ ಕಾನೂನೇನೂ ಬೇಕಿಲ್ಲ. ಬೇಕಾದ್ದು ಒಂದು ರೂಟರು. ಸಾವಿರ ರೂಪಾಯಿ ಆಚೀಚೆ.

ಬಜೆಟ್ ಇಲ್ಲ ಎನ್ನುತ್ತಾರೆ. ಅದೇ ಕಟ್ಟಡದ ಮುಂದೆ ನಾಯಕರ ಮುಖವಿರುವ ಫ್ಲೆಕ್ಸ್ ಬ್ಯಾನರುಗಳಿವೆ, ಒಂದೊಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ನಿಮ್ಮೂರಲ್ಲಿ ಎಷ್ಟಿವೆ, ನೀವೇ ಎಣಿಸಿ. ಎಣಿಸಿದ ಮೇಲೆ ಬಜೆಟ್ ಇಲ್ಲ ಎಂದವರ ಮುಂದೆ ಹೋಗಿ ನಿಂತು, ಲೆಕ್ಕ ಕೇಳಿ.