ಕಬಡ್ಡಿಯ ಹಳೇ ಹುಲಿ

ಆಟ ಬಿಟ್ಟು ಮೂವತ್ತು ವರ್ಷವಾದರೂ ಆಟ ತನ್ನನ್ನು ಬಿಟ್ಟಿಲ್ಲವೆಂದು ನಂಬಿ ಓಡಾಡುವ, ಅರವತ್ತು ದಾಟಿದ ಗ್ರಾಮಸ್ಥರನ್ನು ಹಳೇ ಹುಲಿ ಎನ್ನುತ್ತಾರೆ. ಕಬಡ್ಡಿ ಆಡುವ ಹೋಬಳಿಗಳಲ್ಲೆಲ್ಲ ಇವರು ಸಿಗುತ್ತಾರೆ. ಅರಸೀಕೆರೆ ತಾಲ್ಲೂಕಿನ ಐದು ಹೋಬಳಿಗಳ ಪೈಕಿ ಕಸಬಾ, ಬಾಣಾವರ, ಕಣಕಟ್ಟೆ, ಜಾವಗಲ್‌ಗಳಲ್ಲೂ ಈ ಸಂತತಿ ಇದೆಯಂತೆ. ಆದರೆ ಗಂಡಸಿಯ ಮಾದರಿಯಷ್ಟು ಪೂರ್ತಿಯಾಗಿ ಬೆಳೆದದ್ದು ಬೇರೆಡೆ ಇರಲಾರದು. ಇಲ್ಲಿನ ವಿವರಣೆ ಆ ಒಂದು ಮಾದರಿಯನ್ನೇ ಆಧರಿಸಿದೆ; ಅದರ ಕೈಯಿಂದ ತಪ್ಪಿಸಿಕೊಂಡು ಬೇರೆ ಮಾದರಿ ಹುಡುಕುವ ಅವಕಾಶ ಒದಗಲಿಲ್ಲ.

ಗುರುತು ಹಿಡಿಯುವುದು ಸುಲಭ. ಒಂದು ಮಂಡಿ ಇನ್ನೊಂದಕ್ಕಿಂತ ದಪ್ಪ. ಕಿರುಬೆರಳು ಒಮ್ಮೆ ಮುರಿದು, ನಾಟಿ ವೈದ್ಯರ ಕಟ್ಟಿನಲ್ಲಿ ಕೂಡಿಕೊಂಡು, ಅಂದಿನಿಂದ ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಿದೆ. ಕುಳಿತಲ್ಲಿಂದ ಏಳಲು ಕಂಬ, ಮೇಜು, ಪಕ್ಕದವರ ಭುಜ, ಮೂರೂ ಬೇಕು. ಎಲ್ಲೋ ದೂರದಲ್ಲಿ ಹುಡುಗರ ‘ಕಬಡ್ಡಿ ಕಬಡ್ಡಿ’ ಕೇಳಿಸಿದರೆ ಮಾತ್ರ ಯಾವ ಆಸರೆಯೂ ಬೇಡ. ಪಂಚೆ ಎತ್ತಿ ಕಟ್ಟಿ ಮೊಣಕಾಲಿನ ಗಾಯಗಳನ್ನು ಪರಿಚಯಿಸುವುದು ಮುಂದಿನ ಹಂತ: ‘ಇದು ಬಾಣಾವರ. ಇದು ದುದ್ದ. ಇದು ಜಾವಗಲ್ಲು, ಜಾತ್ರೆ ಟೈಮು.’ ಹೀಗೆ ಹಾಸನ ಜಿಲ್ಲೆಯ ನಕ್ಷೆಯೇ ಆ ಕಾಲಿನ ಮೇಲಿದೆ. ಬೇರೆ ತಾಲ್ಲೂಕುಗಳನ್ನು ನೋಡಬೇಕೆಂದರೆ ಬೆನ್ನನ್ನೂ ನೋಡಬೇಕಾಗುತ್ತದೆ, ಅದು ಕೇಳುಗರ ಇಷ್ಟಕ್ಕೆ ಬಿಟ್ಟದ್ದಲ್ಲ.

ವಾಸ ಗಂಡಸಿ ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಯಲ್ಲಿ. ತೋಟಕ್ಕೆ ನೀರು ಬಿಟ್ಟು, ಕೊಬ್ಬರಿ ಅಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸಿ ಬಂದರೆ ಮತ್ತೆ ಕತ್ತಲಾಗುವವರೆಗೆ ಬೆಂಚು ಬಿಡುವುದಿಲ್ಲ. ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ, ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುವ ಕಾಲಕ್ಕೆ, ಹುಲಿಯವರು ಅಂಕ ಬರೆಯುವವನ ಹಿಂದೆ ಕುರ್ಚಿ ಹಾಕಿಸಿಕೊಂಡು ಅಂಪೈರ್‌ಗೆ ನಿಯಮ ಹೇಳಿಕೊಡುತ್ತಾರೆ.

ನಿಯಮಗಳ ಮಟ್ಟಿಗೆ ಪುಸ್ತಕಕ್ಕೂ ಹುಲಿಗೂ ವ್ಯತ್ಯಾಸವಿದೆ. ಪುಸ್ತಕದ ಪ್ರಕಾರ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ತಂಡಕ್ಕೆ 7 ಜನ. ಒಂದು ದಾಳಿಗೆ 30 ಸೆಕೆಂಡು. ಹುಲಿಯ ಪ್ರಕಾರ ಅಂಕಣ ಎಂದರೆ ಊರ ಮುಂದಿನ ಬಯಲು. ದಾಳಿಗೆ ಗಡಿಯಾರ ಏಕೆ, ಉಸಿರು ಇರುವಷ್ಟು ಹೊತ್ತು. ಏಳು ಜನ ಎಂಬ ಲೆಕ್ಕವೂ ಅಲ್ಲಿ ಗಟ್ಟಿಯಲ್ಲ. ಹೋಬಳಿ ಫೈನಲ್‌ನಲ್ಲಿ ಕೊನೆಯ ದಾಳಿಗೆ ಹೋಗಿ ಎದುರಾಳಿಗಳನ್ನು ಮೈಮೇಲೆ ಹೇರಿಕೊಂಡು ನಡುಗೆರೆ ಮುಟ್ಟಿದ ಕಥೆ ಮೊದಲು ಚಾಲ್ತಿಗೆ ಬಂದಾಗ ಹಿಡಿಯಲು ಬಂದವರು ಇಬ್ಬರು. ಮುಂದೆ ನಾಲ್ವರಾದರು. ಒಂದು ದೀಪಾವಳಿಯ ಹೊತ್ತಿಗೆ ಏಳು. ಈಚಿನ ಆವೃತ್ತಿಯಲ್ಲಿ ಎಂಟು. ತಂಡದಲ್ಲಿ ಇರುವುದೇ ಏಳಲ್ಲವೇ ಎಂದು ಕೇಳಿದವರಿಗೆ ಉತ್ತರ ಸಿದ್ಧವಿದೆ: ‘ಇನ್ನೊಬ್ಬ ಗೆರೆ ಆಚೆ ನೀರ್ ಚೊಂಬು ಹಿಡ್ಕೊಂಡ್ ನಿಂತಿದ್ದ. ಅವನೂ ಸಿಕ್ಕಾಕ್ಕೊಂಡ, ಏನ್ ಮಾಡನ?’

ಇದರ ಬೆನ್ನಿಗೇ ಬರುವುದು ಸಳನ ವಿಚಾರ. ಸಳ ಹೊಡೆದದ್ದು ಒಂದೇ ಒಂದು ಹುಲಿ. ಅಷ್ಟಕ್ಕೇ ಬೇಲೂರಿನಲ್ಲಿ ಕಲ್ಲಾಗಿ ನಿಂತ, ಹೊಯ್ಸಳರ ಲಾಂಛನವಾದ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಎಂಟು ಜನರನ್ನು ಎಳೆದು ತಂದವರಿಗೆ ಹೋಬಳಿಯಲ್ಲಿ ಒಂದು ಚಪ್ಪಡಿಯೂ ಇಲ್ಲ.

ಹಳೇ ಹುಲಿಯ ಅತ್ಯಂತ ಅಪಾಯಕಾರಿ ಗುಣ ಪ್ರಾತ್ಯಕ್ಷಿಕೆ. ಬಾಯಲ್ಲಿ ಹೇಳಿ ಮುಗಿಸುವ ಅಭ್ಯಾಸ ಇವರಿಗಿಲ್ಲ. ಪ್ರಾತ್ಯಕ್ಷಿಕೆಗೆ ಒಂದು ಕೈ ಬೇಕು, ಅದು ಪಕ್ಕದಲ್ಲಿ ಕುಳಿತವನದಾಗಿರುತ್ತದೆ. ಅರಸೀಕೆರೆ ಜಂಕ್ಷನ್‌ನಲ್ಲಿ ಬೆಂಗಳೂರಿನ ರೈಲು ಹಿಡಿಯಬೇಕಾದ ಒಬ್ಬ ಕೇಳುಗ, ಬಸ್ಸಿಗೆ ಇನ್ನೂ ಸಮಯವಿದೆಯೆಂದು ಬೆಂಚಿನ ತುದಿಯಲ್ಲಿ ಕೂತ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ.

‘ಎಲ್ಲಿಗ್ ಹೊಂಟೆ ಮಗಾ?’

‘ಅರಸೀಕೆರೆಗೆ ದೊಡ್ಡಪ್ಪ. ಟ್ರೈನಿದೆ.’

‘ಜಂಕ್ಷನ್ ಅಲ್ವಾ, ಇದ್ ಹೋದ್ರೆ ಇನ್ನೊಂದ್ ಬತ್ತದೆ. ಈಗ ನೀನು ರೈಡರ್ ಅನ್ಕೋ. ನಾನು ಕಾರ್ನರ್‌ನಾಗ್ ಇದೀನಿ. ಕೈ ಕೊಡಿಲ್ಲಿ.’

ಕೈ ಕೊಡುವ ಮೊದಲೇ ಮಣಿಕಟ್ಟು ಅವರ ವಶವಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು. ಕೇಳುಗ ಮೊದಲು ವಿನಯದಿಂದ ಎಳೆದ, ಆಮೇಲೆ ನಿಜವಾಗಿ ಎಳೆದ. ಎಳೆದಷ್ಟೂ ಹುಲಿಯ ಮುಖ ಅರಳಿತು. ‘ಹಾಂ! ಹಂಗೇ! ಅವನೂ ಹಿಂಗೇ ಎಳ್ದಿದ್ದ!’ ಬಸ್ಸು ಹೋಗುತ್ತದೆ ಎಂಬ ಕೂಗನ್ನು ಉಸಿರು ಬಿಗಿಹಿಡಿದ ರೈಡರನ ಕೂಗೆಂದೇ ಅವರು ತಿಳಿದರು. ಟೀ ಅಂಗಡಿಯವನು ಲೋಟ ಕೆಳಗಿಟ್ಟು ಎಣಿಸತೊಡಗಿದ. ಕಿಟಕಿಯ ಸೀಟಿನವರು ತಲೆ ಹೊರಹಾಕಿ ಇಬ್ಬರನ್ನೂ ಹುರಿದುಂಬಿಸಿದರು. ಕಂಡಕ್ಟರ್ ಒಂದು ಕ್ಷಣ ಆಟ ನೋಡಿ, ಇದು ಈಗ ಮುಗಿಯುವುದಲ್ಲವೆಂದು ‘ರೈಟ್’ ಅಂದ. ಬಸ್ಸು ಕಣ್ಮರೆಯಾದ ಮೇಲೆ ಹಿಡಿತ ಸಡಿಲಿತು. ‘ಔಟು. ಸೋತೋನ್ಗೊಂದ್ ಟೀ ಕೊಡಪ್ಪ’ ಎಂದು ಹುಲಿಯವರು ಆದೇಶಿಸಿದರು. ದುಡ್ಡು ಸೋತವನೇ ಕೊಟ್ಟ. ಕೇಳುಗ ಮೂವತ್ತು ವರ್ಷ ಚಿಕ್ಕವನು, ಜಿಮ್ಮಿಗೆ ಇಡೀ ವರ್ಷದ ಹಣ ಮುಂಗಡ ಕಟ್ಟಿದವನು ಎಂಬುದು ಇಲ್ಲಿ ಅಪ್ರಸ್ತುತ.

ಹೊಸ ಕಬಡ್ಡಿಯ ಬಗ್ಗೆ ಇವರ ನಿಲುವು ಎರಡು ಬಗೆಯದು. ಪ್ರೊ ಕಬಡ್ಡಿ ಶುರುವಾದದ್ದು 2014ರ ಜುಲೈ 26ರಂದು. ಅಂದಿನಿಂದ ಒಂದು ಪಂದ್ಯವನ್ನೂ ಬಿಡದೆ ನೋಡಿದ್ದಾರೆ, ಒಂದನ್ನೂ ಒಪ್ಪಿಲ್ಲ. ಮ್ಯಾಟ್ ಎಂದರೆ ಹಾಸಿಗೆ, ಹಾಸಿಗೆಯ ಮೇಲೆ ಬಿದ್ದವನು ಬಿದ್ದ ಲೆಕ್ಕವಲ್ಲ. ಶೂ ಹಾಕಿದ ಕಾಲಿಗೆ ನೆಲ ಗೊತ್ತಾಗುವುದಿಲ್ಲ. ಹಳ್ಳಿಯ ಪಂದ್ಯಾವಳಿಗಳಲ್ಲಿ ಅರವತ್ತು ಕೆ.ಜಿ. ಒಳಗಿನವರಿಗೆಂದು ಬೇರೆ ವಿಭಾಗ ಇಟ್ಟು ಹುಡುಗರನ್ನು ತಕ್ಕಡಿ ಹತ್ತಿಸುವುದಂತೂ ಸಹಿಸಲಾಗದು: ‘ನಮ್ ಕಾಲ್ದಾಗ್ ತೂಕ ಹಾಕ್ತಿದ್ದುದ್ ಕೊಬ್ರಿ ಮಾತ್ರ.’ ಕರ್ನಾಟಕದ ಆಟಗಾರ, 2001ರ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ಕೋಚ್ ಆಗಿ ಬಂಗಾಳಕ್ಕೂ ಪುಣೆಗೂ ಕಪ್ ಗೆದ್ದುಕೊಟ್ಟದ್ದು ಮಾತ್ರ ಇವರಿಗೆ ಸ್ವಂತ ಹೆಮ್ಮೆ. ‘ನಮ್ ರಮೇಶ’ ಎಂದೇ ಹೇಳುತ್ತಾರೆ. ಪರಿಚಯ ಹೇಗೆಂದು ಕೇಳಿದರೆ ಟಿ.ವಿ.ಯ ಕಡೆ ಕೈ ತೋರಿಸುತ್ತಾರೆ. ಕ್ರಿಕೆಟ್ಟಿನ ಮಾತೆತ್ತಬಾರದು. ಜಾವಗಲ್ ಶ್ರೀನಾಥ್‌ರಿಂದ ಪಕ್ಕದ ಹೋಬಳಿಯ ಹೆಸರು ಜಗತ್ತಿಗೆಲ್ಲ ಗೊತ್ತಾಯಿತಲ್ಲ ಎಂದರೆ, ಟೀ ತಣ್ಣಗಾಗುವವರೆಗೆ ಸುಮ್ಮನಿರುತ್ತಾರೆ.

ಈ ಸಂತತಿ ನಮ್ಮಲ್ಲಷ್ಟೇ ಇಲ್ಲ. ಹೊರದೇಶದ ಊರುಗಳಲ್ಲಿ ಇದು ಸ್ಕೇಟ್‌ಬೋರ್ಡ್ ಮೇಲೆ ಕಾಣಿಸಿಕೊಳ್ಳುತ್ತದೆ. ಅಲ್ಲಿಯೂ ಒಂದು ಮೈದಾನ, ಒಂದು ಕೆಟ್ಟ ಮಂಡಿ, ಸುತ್ತ ಕಣ್ಣರಳಿಸಿದ ಹುಡುಗರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಬ್ರಿಟನ್ ಪರ ಇಳಿದ ಆಂಡಿ ಮ್ಯಾಕ್‌ಡೊನಾಲ್ಡ್‌ಗೆ 51 ವರ್ಷ. ಅದೇ ಕ್ರೀಡೆಯಲ್ಲಿ ಚೀನಾದ ಜೆಂಗ್ ಹಾವೊಹಾವೊಗೆ 11. ಮೊಬೈಲಿನಲ್ಲಿ ಇದನ್ನು ನೋಡಿದ ಹುಲಿಯವರ ತೀರ್ಪು ಚುಟುಕಾಗಿತ್ತು: ‘ಗಾಲಿ ಅದಲ್ಲ, ಅದೇ ಹೋಯ್ತದೆ. ಮನುಸ್ಯಂದೇನಿದೆ?’ ಆದರೂ ಆ ವೀಡಿಯೊವನ್ನು ಇನ್ನೊಮ್ಮೆ ಹಾಕಿಸಿಕೊಂಡರು, ವಯಸ್ಸೆಷ್ಟು ಎಂದು ಮತ್ತೆ ಕೇಳಿದರು.

ಮನೆಯಲ್ಲಿ ಈ ಖ್ಯಾತಿ ನಡೆಯುವುದಿಲ್ಲ. ‘ಎಂಟ್ ಜನನ್ ಹಿಡ್ಕೊಂಡ್ ಬಂದೋರು, ಕರ ಹಗ್ಗ ಕಿತ್ಕೊಂಡ್ ಓಡ್ದಾಗ ನನ್ನೇ ಓಡುಸ್ತಾರೆ’ ಎಂಬುದು ಯಜಮಾನತಿಯ ಸಾಕ್ಷ್ಯ.

ಕಥೆ ಹೀಗೆ ಬೆಳೆಯುವುದಕ್ಕೆ ಕಾರಣ ಸುಳ್ಳು ಹೇಳುವ ಚಪಲ ಎನ್ನುವುದು ಪೂರ್ತಿ ಸರಿಯಲ್ಲ. ಮಣ್ಣಿನ ಕಬಡ್ಡಿಗೆ ದಾಖಲೆ ಇಲ್ಲ. ಸುಣ್ಣದ ಗೆರೆ ಮೊದಲ ಮಳೆಗೆ ಹೋಯಿತು, ಅಂಕದ ಹಾಳೆ ಬಜ್ಜಿ ಕಟ್ಟಲು ಹೋಯಿತು, ಸರ್ಟಿಫಿಕೇಟನ್ನು ಗೆದ್ದಲು ಓದಿ ಮುಗಿಸಿತು. ಆ ಫೈನಲ್ ಆಡಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಮಗಳ ಮನೆ ಸೇರಿದ್ದಾರೆ, ಒಬ್ಬರಿಗೆ ಹೆಸರು ಹೇಳಿದರೂ ಗುರುತು ಸಿಗುವುದಿಲ್ಲ, ಹೆಚ್ಚಿನವರು ಇಲ್ಲ. ಸಾಕ್ಷಿಗಳು ಒಬ್ಬೊಬ್ಬರಾಗಿ ಕಡಿಮೆಯಾದ ಹಾಗೆ ಹಿಡಿದವರ ಸಂಖ್ಯೆ ಒಂದೊಂದಾಗಿ ಏರಿದೆ.

ಇವರನ್ನು ನಿಜವಾಗಿ ನೋಡಬೇಕಾದದ್ದು ಟೀ ಅಂಗಡಿಯಲ್ಲಲ್ಲ, ಶಾಲೆಯ ಮೈದಾನದಲ್ಲಿ. ಪಿ.ಟಿ. ಮೇಷ್ಟ್ರು ಎಂದಾದರೂ ಕರೆದರೆ ಚಪ್ಪಲಿಯನ್ನು ಗೆರೆಯ ಆಚೆಗೆ ಬಿಟ್ಟು ಒಳಗೆ ಬರುತ್ತಾರೆ. ಅಲ್ಲಿ ಕಥೆ ಇಲ್ಲ, ಬಾಣಾವರ ಇಲ್ಲ, ಎಂಟನೆಯವನೂ ಇಲ್ಲ. ಹುಡುಗನೊಬ್ಬ ರೈಡರನ ಪಾದಕ್ಕೆ ಕೈ ಹಾಕಿ ಹಾಕಿ ಗುರಿ ತಪ್ಪುತ್ತಿದ್ದರೆ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಳುವುದಿಷ್ಟೆ: ‘ಪಾದ ನೋಡ್ಬ್ಯಾಡ, ಮಂಡಿ ನೋಡು. ಪಾದ ಸುಳ್ ಹೇಳ್ತದೆ.’ ಮುಂದಿನ ದಾಳಿಯಲ್ಲಿ ಹುಡುಗ ಕಾದು, ಮಂಡಿ ಬಾಗಿದ್ದೇ ತಡ ಹಿಮ್ಮಡಿ ಹಿಡಿದು ಕೆಡವುತ್ತಾನೆ. ಹುಲಿಯವರು ಶಹಬ್ಬಾಸ್ ಅನ್ನುವುದಿಲ್ಲ. ಅವನ ಹೆಬ್ಬೆರಳು ಎಲ್ಲಿರಬೇಕೆಂದು ಸರಿಪಡಿಸಿ, ಇನ್ನೊಮ್ಮೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಏಳಲು ಯಾರ ಭುಜವೂ ಬೇಕಾಗುವುದಿಲ್ಲ.

ಪಂದ್ಯಾವಳಿ ನಡೆಸುವ ಯುವಕ ಸಂಘಗಳು ಆದ್ದರಿಂದ ಇವರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸುವುದು ಬೇಡ. ಮೈಕ್ ಕೈಗೆ ಸಿಕ್ಕರೆ ಫೈನಲ್ ಮಾರನೆಯ ದಿನಕ್ಕೆ ಹೋಗುತ್ತದೆ. ಹಿಂದಿನ ವಾರವೇ, ದಿನಾ ಸಂಜೆ ಐದಕ್ಕೆ, ತಂಡವನ್ನು ಇವರ ಕೈಗೆ ಒಪ್ಪಿಸಿದರೆ ಸಾಕು. ಟೀ ಖರ್ಚು ಸಂಘದ್ದು.